ಉದ್ದಿನ ಗದ್ದೆಗೆ ಎರಗಿದ ವಿಮಾನ

ಧನುರ್ಮಾಸದ ಪೂಜೆಗೆ ಬನ್ನಿ ಎಂದು ಬೆಳಗಿನ ಜಾವ ಎಬ್ಬಿಸಿದರೆ ನನ್ನವರಿಗೆ ಸೊಂಟನೋವು, ಶೀತ, ಗ್ಯಾಸು ಎಲ್ಲ ಒಟ್ಟಿಗೆ ಬರುತ್ತವೆ. ಅದೇ ಭಾನುವಾರ ಕ್ಲಬ್ಬಿನವರ ಜೊತೆ ರಿಮೋಟ್ ವಿಮಾನ ಹಾರಿಸಲು ಗದ್ದೆಗೆ ಹೋಗುವುದಿದ್ದರೆ ಕೋಳಿಯನ್ನು ಇವರೇ ಎಬ್ಬಿಸುತ್ತಾರೆ. (ಆಟದ ವಿಮಾನ ಅನ್ನಬಾರದಂತೆ, ಮಾದರಿ ವಿಮಾನ ಅನ್ನಬೇಕಂತೆ. ಮುರಿದ ಮಾದರಿಗಳಿಂದ ನಮ್ಮ ಅಟ್ಟ ತುಂಬಿದೆ.)

ಈ ಸಲ ಉಪಾಯ ಹೂಡಿದೆ. "ನಾನೂ ಗದ್ದಿಗ್ ಬತ್ತೆ, ಮೊದ್ಲ್ ನೀವ್ ದೇವಸ್ಥಾನಕ್ ಬನ್ನಿ" ಅಂದೆ. ಬಂದರು. ಇವರ ಮಂಕಿ ಕ್ಯಾಪನ್ನು ದೇವಸ್ಥಾನದ ಹೊಸಿಲಲ್ಲಿ ನಾನೇ ಎಳೆದು ತೆಗೆದೆ. ಭಟ್ಟರು ಕೈಗೆ ತೀರ್ಥ ಹಾಕಿದ ಕೂಡಲೇ ಪಿಸುಗುಟ್ಟಿದೆ: "ಇವತ್ತ್ ವಿಮಾನ ಮುರ್ದ್ರೆ ಇನ್ನ್ ಹಾರ್ಸುದಿಲ್ಲ ಅಂದ್ ದೇವ್ರೆದ್ರ್ ಹೇಳಿ."

ತೀರ್ಥ ಚೆಲ್ಲುವ ಹಾಗಿಲ್ಲ, ಕುಡಿಯಲು ನಾನು ಬಿಡುವವಳಲ್ಲ.

"ಆಯ್ತ್ ಮಾರಾಯ್ತಿ. ನನ್ ಕೈಯಗ್ ಮುರ್ದ್ರೆ ಬಿಟ್ಟೆ."

ನಾನು ಕಣ್ಣುಮುಚ್ಚಿ, ಭಕ್ತಿಯಿಂದ, ಅದು ಮುರಿಯಲಿ ಎಂದು ಬೇಡಿಕೊಂಡೆ.

ಗುಲ್ವಾಡಿಯ ಬೈಲಿನ ಗದ್ದೆಗಳಲ್ಲಿ ಹೊಳೆಯ ಮಂಜು ಇನ್ನೂ ಕರಗಿರಲಿಲ್ಲ. ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದ, ಕ್ಲಬ್ಬಿನ ಭೋಜಣ್ಣ ಮಫ್ಲರಿನೊಳಗಿಂದ, "ಹ್ವಾಯ್ ಅತ್ಗಿ, ನೀವೂ ಬಂದ್ರ್ಯಾ" ಎಂದು ಚಾ ಕೊಟ್ಟರು. ಇವರ ವಿಮಾನ ಭರ್ರನೆ ಎದ್ದು ಹದ್ದಿನ ಹಾಗೆ ತೇಲತೊಡಗಿತು. ಮುರಿಯುವ ಲಕ್ಷಣವೇ ಇಲ್ಲ. ನನಗೆ ಚಾ ರುಚಿಸಲಿಲ್ಲ.

ಅಷ್ಟರಲ್ಲಿ ಚಳಿ ತನ್ನ ಕೆಲಸ ಮಾಡಿತು. ಇವರಿಗೆ ಸೀನು ಹಿಡಿಯಿತು. ಒಂದರ ಬಾಲ ಹಿಡಿದು ಇನ್ನೊಂದು. ಕಣ್ಣು ಬಿಡಲಾಗದೆ ರಿಮೋಟನ್ನು ನನ್ನ ಕೈಗೆ ತುರುಕಿ, "ಹಿಡ್ಕೊ, ಎಂತದೂ ಮುಟ್ಬೇಡ" ಅಂದರು.

ವಿಮಾನ ನೇರ ತೆಂಗಿನಮರದತ್ತ ಹೊರಟಿತ್ತು. ಮುಟ್ಟದೆ ಇರುವುದು ಹೇಗೆ? ದೋಸೆ ಹಿಟ್ಟು ರುಬ್ಬುವವಳು ನಾನು, ರಿಮೋಟಿನ ಕಡ್ಡಿಯನ್ನು ದುಂಡಗೆ ತಿರುಗಿಸಿದೆ. ಅಯ್ಯೋ, ತಿರುಗಿತು! ಹೇಳಿದ ಹಾಗೆ ಕೇಳುವ ವಸ್ತುವೊಂದು ನನ್ನ ಸಂಸಾರದಲ್ಲಿ ಸಿಕ್ಕಿದ್ದು ಅದೇ ಮೊದಲು. "ದೇವರೇ, ಇದು ಮುರಿಯದಿರಲಿ" ಎಂಬ ಮಾತು ಬಾಯಿಂದ ತಾನಾಗಿ ಬಂತು.

ವಿಮಾನ ಮರಕ್ಕೆ ಪ್ರದಕ್ಷಿಣೆ ಹಾಕಿ, ಉದ್ದಿನ ಗದ್ದೆಗೆ ಸಾಷ್ಟಾಂಗ ಎರಗಿತು. ಎರಡು ರೆಕ್ಕೆ ಎರಡು ಕಡೆ.

"ಮುರೀತಲ್ದಾ? ಇನ್ನ್ ಬಿಡಿ," ಅಂದೆ.

ಇವರು ಮೂಗು ಒರೆಸಿಕೊಂಡು ಭೋಜಣ್ಣನನ್ನು ನೋಡಿದರು.

"ರಿಮೋಟ್ ಯಾರ್ ಕೈಯಗ್ ಇದ್ದಿತ್ತೋ ಅವ್ರೇ ಪೈಲಟ್, ಅತ್ಗಿ," ಎಂದರು ಭೋಜಣ್ಣ. "ನಾವೆಂತ ಮಾಡುದ್?"

"ದೇವ್ರೆದ್ರ್ ಕೊಟ್ಟ್ ಮಾತ್," ಎಂದು ಇವರು ಕೈಮುಗಿದರು. "ನನ್ ಕೈಯಗ್ ಮುರುದ್ ದಿನ ಖಂಡಿತ ಬಿಡ್ತೆ."

ದೇವರಿಗೆ ದೂರು ಹೇಳೋಣವೆಂದರೆ ನನಗೆ ಬಾಯಿಲ್ಲ. ಮುರಿಯಲಿ ಎಂದವಳೂ ನಾನೇ, ಮುರಿಯದಿರಲಿ ಎಂದವಳೂ ನಾನೇ. ಅವನು ಮೊದಲು ಬಂದ ಅರ್ಜಿಯನ್ನು ಮೊದಲು ಮುಗಿಸಿದ್ದಾನೆ.