ಬಸ್ಸಿನಲ್ಲಿ ಬರೆದದ್ದು, ಮನೆಯಲ್ಲಿ ತಿದ್ದಿದ್ದು

ಅಲುಗಾಡದ ಜಾಗದಲ್ಲಿ ಕೂತು ಬರೆಯಲು ನನಗೆ ಬರುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಯಲ್ಲಿ ಮೇಜು ಇದೆ, ಕುರ್ಚಿ ಇದೆ, ಎಡಗಡೆಯ ಕಿಟಕಿಯಿಂದ ಬೇಕಾದಷ್ಟು ಬೆಳಕೂ ಬರುತ್ತದೆ. ಆದರೆ ಅಲ್ಲಿ ಕೂತರೆ ಒಂದು ವಾಕ್ಯವಾದ ಮೇಲೆ ಇನ್ನೊಂದು ಹುಟ್ಟುವುದಿಲ್ಲ. ಯಾರಾದರೂ ಬಂದು ಮೇಜನ್ನು ಸ್ವಲ್ಪ ನೂಕಬಾರದೇ ಅನ್ನಿಸುತ್ತದೆ. ಹನ್ನೊಂದು ವರ್ಷಗಳಿಂದ ನಾನು ಬರೆದದ್ದೆಲ್ಲ ಸುರಪುರದಿಂದ ಶಹಾಪುರದ ಮೇಲೆ ಯಾದಗಿರಿಗೆ ಹೋಗುವ ಬಸ್ಸಿನಲ್ಲಿ, ತೊಡೆಯ ಮೇಲೆ ಒಂದು ರಟ್ಟು ಇಟ್ಟುಕೊಂಡು. ನನ್ನ ಹಸ್ತಪ್ರತಿ ನೋಡಿದವರು ರಸ್ತೆಯ ಉಬ್ಬುಗಳು ಎಲ್ಲೆಲ್ಲಿವೆ ಎಂದು ಹೇಳಬಲ್ಲರು. ಒತ್ತಕ್ಷರ ತನ್ನ ಅಕ್ಷರವನ್ನು ಬಿಟ್ಟು ಕೆಳಗಿನ ಸಾಲಿಗೆ ಇಳಿದಿದ್ದರೆ ಅಲ್ಲೊಂದು ಉಬ್ಬು ಇದೆ. ಅರ್ಧ ಪುಟ ಅಚ್ಚು ಹಾಕಿದಂತೆ ದುಂಡಗಿದ್ದರೆ, ಭೀಮಾ ಸೇತುವೆಯ ಹತ್ತಿರ ಕುರಿಹಿಂಡು ಅಡ್ಡ ಬಂದು ಬಸ್ಸು ನಿಂತಿತ್ತು ಎಂದು ಅರ್ಥ. ಶಹಾಪುರದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ನಿಲ್ದಾಣದ ಎದುರು ಖಾಜಾಭಾಯಿಯ ಚಹದಂಗಡಿ. ನಾನು ಇಳಿದು ಹೋದ ಕೂಡಲೇ ಆತ ಕೇಳುವುದು ಒಂದೇ ಪ್ರಶ್ನೆ.

“ಇವತ್ತ ಎಷ್ಟು ಬರದ್ರಿ ಸರ್?”

“ಒಂದೂವರೆ ಪುಟ.”

“ರಸ್ತಾ ಚಲೋ ಅದ ಅನ್ರಿ ಹಂಗಾದ್ರ.”

ನನ್ನ ಸಾಹಿತ್ಯದ ಬಗ್ಗೆ ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ಊರೂರಿನ ಕೊಳವೆಬಾವಿ, ಕೈಪಂಪು, ನಲ್ಲಿಗಳಿಂದ ಬಾಟಲಿಯಲ್ಲಿ ನೀರು ಹಿಡಿದು ಯಾದಗಿರಿಯ ಪ್ರಯೋಗಾಲಯಕ್ಕೆ ಒಪ್ಪಿಸುವುದು ನನ್ನ ನೌಕರಿ. ಒಂದು ದಿನ ಶಿರವಾಳ, ಒಂದು ದಿನ ಮುದನಾಳ, ಇನ್ನೊಂದು ದಿನ ರಾಮಸಮುದ್ರ. ಕೆಲಸ ಸಣ್ಣದು, ಆದರೆ ನಿಯಮಗಳು ಬಿಗಿ. ಬಾಟಲಿಯ ಮೇಲಿನ ಚೀಟಿಯನ್ನು ಆ ನಲ್ಲಿಯ ಮುಂದೆ ನಿಂತೇ ಬರೆಯಬೇಕು. ಬಸ್ಸು ಹತ್ತಿದ ಮೇಲೆ ನೆನಪಿನಿಂದ ಬರೆದದ್ದು ನಡೆಯುವುದಿಲ್ಲ. ರಾಮಸಮುದ್ರದಲ್ಲಿ ಒಮ್ಮೆ ಒಬ್ಬ ಮುದುಕಿ ಕೊಡ ಕೆಳಗಿಟ್ಟು ನನ್ನನ್ನೇ ನೋಡುತ್ತ ನಿಂತಳು. “ನಮ್ಮ ನೀರಿಗಿ ಏನಾಗ್ಯದ ಅಂತ ಒಯ್ಯಾಕತ್ತೀಪಾ?” ಎಂದಳು. ಏನೂ ಆಗಿಲ್ಲವ್ವ, ಸುಮ್ಮನೆ ನೋಡುವುದಕ್ಕೆ ಎಂದೆ. “ನೋಡಾಕಾದ್ರ ಇಲ್ಲೇ ನೋಡು. ಯಾದಗಿರಿತನಾ ಯಾಕ ಕರ್ಕೊಂಡು ಹೋಗ್ತಿ?” ಎಂದಳು. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಸಿಕ್ಕಿಲ್ಲ. ಸಿಕ್ಕಿದ್ದರೆ ಇಷ್ಟು ಓಡಾಟವೇ ಇರುತ್ತಿರಲಿಲ್ಲ.

ನನ್ನ ಹೆಂಡತಿ ಮಹಾದೇವಿ ಸುರಪುರದ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮದುವೆಯಾದಾಗಿನಿಂದ ನನ್ನ ಬರವಣಿಗೆಯ ಮೊದಲ ಓದುಗಾರ್ತಿ ಆಕೆಯೇ. ಬಸ್ಸಿನಲ್ಲಿ ಬರೆದ ಹಾಳೆಗಳನ್ನು ತಂದು ಆಕೆಯ ಶಾಲೆಯ ಮಕ್ಕಳ ನೋಟ್‌ಬುಕ್ಕುಗಳ ಕಟ್ಟಿನ ಮೇಲೆ ಇಟ್ಟರೆ ಸಾಕು, ಸರದಿ ಬಂದಾಗ ಆಕೆ ತಿದ್ದುತ್ತಿದ್ದಳು, ಅದೇ ಕೆಂಪು ಪೆನ್ನಿನಿಂದ. ನಾಲ್ಕನೆಯ ತರಗತಿಯವರಿಗೂ ನನಗೂ ಆಕೆ ಭೇದ ಮಾಡಿದವಳಲ್ಲ. ಅಂಚಿನಲ್ಲಿ ‘ಮತ್ತೊಮ್ಮೆ ಬರೆ’ ಎಂದು ಬರೆಯುತ್ತಿದ್ದಳು. ಹುಣ್ಣಿಮೆಯ ಬಗ್ಗೆ ಅರ್ಧ ಪುಟ ಬರೆದಿದ್ದಾಗ, “ಇದು ನೀವು ನೋಡಿದ ಹುಣ್ಣಿಮಿ ಅಲ್ಲ. ಯಾರೋ ಬರದಿದ್ದ ಓದಿ ಬರದೀರಿ” ಎಂದಳು. ನಿಜ. ಆ ಹುಣ್ಣಿಮೆಯ ದಿನ ನಾನು ಬಸ್ಸಿನಲ್ಲಿ ನಿದ್ದೆ ಮಾಡಿದ್ದೆ. ಸುಳ್ಳು ಸಾಲು ಎಲ್ಲಿದೆಯೆಂದು ಆಕೆಗೆ ಗೊತ್ತಾಗುತ್ತಿತ್ತು. ಆಕೆ ಗುರುತು ಹಾಕದ ಸಾಲು ನಿಜವೆಂದು ನನಗೆ ಗೊತ್ತಾಗುತ್ತಿತ್ತು. ನಾನು ಬರಹಗಾರನೆಂದು ಅಂದುಕೊಂಡಿದ್ದರೆ ಅದು ಆ ಒಂದು ಧೈರ್ಯದ ಮೇಲೆ.

ಆ ಧೈರ್ಯವನ್ನು ನಾನೇ ಕಳೆದುಕೊಂಡ ಬಗೆ ಹೀಗೆ. ಕಳೆದ ವರ್ಷ ಒಂದು ಮಾಸಪತ್ರಿಕೆಯವರು ಅವಸರದಲ್ಲಿ ಲೇಖನ ಕೇಳಿದರು. ನಾನಾಗ ತರಬೇತಿಗೆಂದು ನಾಲ್ಕು ದಿನ ಯಾದಗಿರಿಯಲ್ಲೇ ಉಳಿದಿದ್ದೆ. ತಿರುಗಾಟದ ಮನುಷ್ಯನ ಮನೆವಾರ್ತೆ ಕುರಿತು ಬರೆದು, ಮಹಾದೇವಿಗೆ ತೋರಿಸದೆ ಕಳಿಸಿಬಿಟ್ಟೆ. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಸಂಜೆ ನಾನು ಮನೆಯೊಳಗೆ ಕಾಲಿಟ್ಟಾಗ ನನ್ನ ಹೆಂಡತಿ ನೋಟ್‌ಬುಕ್ಕಿನಿಂದ ತಲೆ ಎತ್ತುವುದಿಲ್ಲ, ಬಂದದ್ದು ನಾನೋ ಗಾಳಿಯೋ ಎಂಬುದು ಆಕೆಗೆ ಸಂಬಂಧಿಸಿದ್ದಲ್ಲ.’ ಎರಡನೆಯ ಅರ್ಧದ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು. ಲೇಖನ ಅಚ್ಚಾಯಿತು. ಪತ್ರಿಕೆ ನನ್ನ ಕೈ ಸೇರುವ ಮೊದಲು ಆಕೆಯ ಶಾಲೆ ಸೇರಿತು. “ಏನ್ರಿ ಟೀಚರ್, ಮನ್ಯಾಗ ಸರ್ ಬಂದ್ರೂ ಅಷ್ಟೇ, ಗಾಳಿ ಬಂದ್ರೂ ಅಷ್ಟೇ ಅಂತಲ್ರಿ?” ಎಂದು ಒಬ್ಬರು ಕೇಳಿದರಂತೆ. “ಗಾಳಿಗಿ ಚಾ ಮಾಡ್ತೀರೋ ಇಲ್ಲೋ?” ಎಂದು ಇನ್ನೊಬ್ಬರು. ವಾರವಿಡೀ ಶಾಲೆಯಲ್ಲಿ ಕಿಟಕಿ ತೆರೆದಾಗಲೆಲ್ಲ ನಕ್ಕರಂತೆ.

ಮಹಾದೇವಿ ನನ್ನ ಜೊತೆ ಮಾತು ಬಿಟ್ಟಳು. ಆದರೆ ನಾನು ಕೆಲಸದ ಮೇಲೆ ಮತ್ತೆ ಯಾದಗಿರಿಯಲ್ಲೇ ಉಳಿದಿದ್ದರಿಂದ ಅದು ನನ್ನ ಗಮನಕ್ಕೆ ಬರಲಿಲ್ಲ. ಮೂರನೆಯ ದಿನ ಆಕೆಯೇ ಫೋನ್ ಮಾಡಬೇಕಾಯಿತು.

“ನಾ ನಿಮ್ಮ ಕೂಡ ಮಾತು ಬಿಟ್ಟು ಎರಡು ದಿನ ಆತು. ನಿಮಗ ಗೊತ್ತಿರ್ಲಿ ಅಂತ ಫೋನ್ ಹಚ್ಚೀನಿ.”

“ಯಾಕ?”

“ಮಾತು ಬಿಟ್ಟೀನಿ ಅಂದ್ನಲ್ಲ.” ಫೋನ್ ಇಟ್ಟಳು.

ಮನೆಗೆ ಬಂದ ಮೇಲೆ ನಾನು ನನ್ನನ್ನು ಸಮರ್ಥಿಸಿಕೊಂಡೆ. ಇದ್ದದ್ದನ್ನು ಇದ್ದಂತೆ ಬರೆದಿದ್ದೇನೆ, ತಲೆ ಎತ್ತದೇ ಇದ್ದದ್ದು ಹೌದೋ ಅಲ್ಲವೋ ಎಂದೆ. ಆಕೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನನ್ನ ನೌಕರಿಯ ಬಗ್ಗೆ ಕೇಳಿದಳು.

“ನಲ್ಲಿ ತಿರುವಿದ ಕೂಡ್ಲೆ ಬರೋ ನೀರು ಹಿಡೀತೀರೇನು?”

“ಇಲ್ಲ. ಎರಡು ಮೂರು ನಿಮಿಷ ಹರಿಯಾಕ ಬಿಡ್ತೀನಿ. ಮೊದಲ ಬರೋದು ಪೈಪಿನ್ಯಾಗ ನಿಂತಿದ್ದ ನೀರು, ಅದು ಲೆಕ್ಕಕ್ಕ ಬರಂಗಿಲ್ಲ.”

“ಮತ್ತ ಮನಿಯೊಳಗ ಕಾಲಿಟ್ಟ ಮೊದಲನೇ ನಿಮಿಷಕ್ಕೇ ನನ್ನ ಯಾಕ ಬಾಟ್ಲಿಗಿ ತುಂಬಿದ್ರಿ?”

ಆಕೆ ಪೆನ್ನಿನ ಮುಚ್ಚಳ ಹಾಕಿ, “ಇನ್ನ ಮ್ಯಾಲ ನಿಮ್ಮ ಬರವಣಿಗಿ ನಾ ಓದಂಗಿಲ್ಲ. ನೀವ ಬರೀರಿ, ನೀವ ಓದಿಕೋರ್ರಿ” ಎಂದಳು. ಸಿಟ್ಟಿನಿಂದ ಹೇಳಿದ್ದರೆ ಇಳಿಯುತ್ತದೆ ಎಂದು ಕಾಯಬಹುದಿತ್ತು. ಸಮಾಧಾನದಿಂದ ಹೇಳಿದಳು.

ಆಮೇಲೆ ಮನೆಯಲ್ಲಿ ಏನೂ ಬದಲಾಗಲಿಲ್ಲ. ಮಾತು ಬಂತು, ಚಹ ಬಂತು, ರೊಟ್ಟಿ ಬಂತು. ಓದು ಮಾತ್ರ ಬರಲಿಲ್ಲ. ನಾನು ಬರೆಯುತ್ತಲೇ ಇದ್ದೆ. ಯಾರೂ ತಡೆಯುವವರಿಲ್ಲದೆ ಹುಣ್ಣಿಮೆಗಳು ಹೆಚ್ಚಾದವು. ಎರಡು ಲೇಖನಗಳು ಮರಳಿ ಬಂದವು. ಮರಳಿಸಿದ ಸಂಪಾದಕರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಯಾಕೆಂದರೆ ಅವರು ಗುರುತು ಹಾಕಿದ್ದ ಜಾಗಗಳು ಮಹಾದೇವಿ ಗುರುತು ಹಾಕಬಹುದಾಗಿದ್ದ ಜಾಗಗಳೇ. ಒಮ್ಮೆ ಒಂದು ಹಂಚಿಕೆ ಮಾಡಿದೆ. ಹಾಳೆಯ ಮೊದಲ ಸಾಲಿನಲ್ಲೇ ಬೇಕೆಂದು ಒಂದು ಕಾಗುಣಿತದ ತಪ್ಪು ಮಾಡಿ, ಆಕೆಯ ಕಣ್ಣಿಗೆ ಬೀಳುವಂತೆ ನೋಟ್‌ಬುಕ್ಕುಗಳ ಮೇಲಿಟ್ಟೆ. ಇಪ್ಪತ್ತು ವರ್ಷ ಪಾಠ ಹೇಳಿದವರು ಅದನ್ನು ದಾಟಿ ಹೋಗಲಾರರು ಎಂದು ನನ್ನ ನಂಬಿಕೆ. ಮರುದಿನ ಹಾಳೆ ಮೇಜಿನ ಮೇಲೆ ಬಂದಿತ್ತು, ಹಾರಿಹೋಗದಂತೆ ಮೇಲೊಂದು ಕಲ್ಲು ಇತ್ತು, ತಪ್ಪು ಹಾಗೆಯೇ ಇತ್ತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಈ ವರ್ಷ ಅದೇ ಮಾಸಪತ್ರಿಕೆಯವರು ಮತ್ತೆ ಕೇಳಿದರು: ತಿರುಗಾಟ, ಮನೆ, ಬರವಣಿಗೆ, ಈ ಮೂರನ್ನೂ ಹೇಗೆ ಸಂಭಾಳಿಸುತ್ತೀರಿ, ಬರೆಯಿರಿ ಎಂದು. ಹೆಂಡತಿ ಓದದೆ ಇದನ್ನು ಕಳಿಸುವುದಿಲ್ಲ ಎಂದು ನಿಶ್ಚಯಿಸಿದೆ. ಆಕೆ ಓದಬೇಕಾದರೆ ಮೊದಲು ನಾನು ಸರಿಯಾಗಿ ನೋಡಿರಬೇಕು. ಹಾಗಾಗಿ ಒಂದು ಶನಿವಾರ ರಜೆ ಹಾಕಿದೆ. ಶನಿವಾರ ಶಾಲೆ ಬೆಳಿಗ್ಗೆ ಮಾತ್ರ. ಮಧ್ಯಾಹ್ನದಿಂದ ಆಕೆ ಮನೆಯಲ್ಲೇ ಇರುತ್ತಾಳೆ. ಶಾಲೆಯಿಂದ ಬಂದವಳು ಕಟ್ಟೆಯ ಮೇಲೆ ಕೂತಿದ್ದ ನನ್ನನ್ನು ಕಂಡು ಗೇಟಿನಲ್ಲೇ ನಿಂತಳು.

“ಆರಾಮಿಲ್ಲೇನು?”

“ಆರಾಮದೀನಿ. ರಜಾ ಹಾಕೀನಿ.”

“ಯಾಕ?”

“ಮನ್ಯಾಗ ಇರಾಕ.”

ಆಕೆ ಹತ್ತಿರ ಬಂದು ಹಣೆ ಮುಟ್ಟಿ ನೋಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಎದುರು ಮನೆಯ ಸಿದ್ದಮ್ಮ ಬಂದು, ಕಟ್ಟೆಯ ಮೇಲಿದ್ದ ನನ್ನ ಬೆನ್ನು ನೋಡಿ, “ಟೀಚರ್, ಮನಿಗಿ ಬೀಗರು ಬಂದಾರೇನ್ರಿ?” ಎಂದು ಕೂಗಿ ಕೇಳಿದಳು. ನಾನು ತಿರುಗಿದೆ. “ಅಯ್ಯ, ನಿಮ್ಮವರೇ” ಎಂದು ಸೆರಗು ಸರಿಮಾಡಿಕೊಂಡು ಹೋದಳು. ಮಧ್ಯಾಹ್ನ ಇಡೀ ನಾನು ನೋಡಿದೆ. ನನ್ನ ಮನೆಗೆ ನಲ್ಲಿ ನೀರು ಯಾವ ಹೊತ್ತಿಗೆ ಬರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಇಡೀ ಜಿಲ್ಲೆಯ ನಲ್ಲಿಗಳು ಗೊತ್ತಿವೆ. ಮೂರಕ್ಕೆ ಬರುತ್ತದೆ ಮತ್ತು ಅದನ್ನು ತುಂಬಿಕೊಳ್ಳುವುದಕ್ಕೆ ಒಬ್ಬರು ಒಂದು ಗಂಟೆ ಬಗ್ಗಿ ನಿಲ್ಲಬೇಕಾಗುತ್ತದೆ. ನಾನು ಕೊಡ ಹಿಡಿಯಲು ಹೋದೆ. “ನೀವು ಸರೀರಿ, ಪಾಳಿ ತಪ್ಪತದ” ಎಂದಳು. ಕೊಡಗಳಿಗೂ ಒಂದು ಪಾಳಿ ಇತ್ತು.

ಸಂಜೆ ಆರೂಕಾಲಿಗೆ, ಮಹಾದೇವಿ ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆ ತೆಗೆಯುತ್ತಿದ್ದಾಗ, ಅಡುಗೆಮನೆಯಲ್ಲಿ ಆಕೆಯ ಫೋನ್ ಬಡಿದುಕೊಂಡಿತು. “ಯಾರು ನೋಡ್ರಿ” ಎಂದು ಮೇಲಿನಿಂದ ಕೂಗಿದಳು. ಫೋನಿನ ಮೇಲೆ ‘ಖಾಜಾಭಾಯಿ ಚಾ’ ಎಂದಿತ್ತು. ನಾನು ಎತ್ತಿಕೊಂಡೆ. ನಾನು ಮಾತಾಡುವ ಮೊದಲೇ ಆತ ಶುರು ಮಾಡಿದ.

“ಟೀಚರ್, ಇವತ್ತ ಸರ್ ಬಸ್ಸಿನ್ಯಾಗ ಇಲ್ರಿ. ಎರಡು ಬಸ್ಸು ನೋಡ್ದೆ. ರೊಟ್ಟಿಗಿ ಕೂಡಬ್ಯಾಡ್ರಿ ಇನ್ನ.”

“ಖಾಜಾಭಾಯಿ, ನಾನ್ರಿ.”

ಆ ಕಡೆ ಗ್ಲಾಸು ತೊಳೆಯುವ ಸಪ್ಪಳ ನಿಂತಿತು. “ಸರ್, ನೀವು ಮನ್ಯಾಗ ಹ್ಯಾಂಗ?”

“ರಜಾ ಹಾಕೀನಿ.”

“ಒಂದು ಮಾತು ಹೇಳಬೇಕಿಲ್ರಿ? ಇಲ್ಲಿ ಚಾ ಕಾಸಿ ಇಟ್ಟೀನಿ.”

ಈ ಫೋನು ಎಷ್ಟು ದಿನದಿಂದ ನಡೆದಿದೆ ಎಂದು ಕೇಳಿದೆ. ಆತ ಉತ್ತರ ಕೊಡುವ ಮೊದಲು ಲೆಕ್ಕ ಹಾಕಿದ. “ನಮ್ಮ ಹುಡುಗಿ ಲಗ್ನಕ್ಕಿಂತ ಮೊದಲಿಂದ್ರಿ. ಮೂರು ವರ್ಷ ಆಗಿರಬೇಕು. ನೀವು ಚಾ ಕುಡದು ಬಸ್ಸು ಹತ್ತಿದ್ರ ಟೀಚರ್‌ಗೆ ಒಂದು ಫೋನ್. ಅಷ್ಟೇರಿ, ಬ್ಯಾರೆ ಏನೂ ಹೇಳಂಗಿಲ್ಲ.” ಕೊನೆಯ ಮಾತನ್ನು ಎರಡು ಸಲ ಹೇಳಿದ.

ಮಹಾದೇವಿ ಸಂಡಿಗೆಯ ಮೊರ ಹಿಡಿದು ಇಳಿದು ಬಂದಳು. ಫೋನ್ ನನ್ನ ಕೈಯಲ್ಲಿ ಇರುವುದನ್ನು ನೋಡಿದಳು. ನಾನು ಕೇಳುವ ಮೊದಲೇ ಹೇಳಿದಳು.

“ನೀವು ಹೊಂಟೆ ಅಂದಾಗ ಹೊಂಟಿರಂಗಿಲ್ಲ. ಬಂದೆ ಅಂದಾಗ ಬಂದಿರಂಗಿಲ್ಲ. ಬರಿಯಾಕ ಕೂತ್ರ ಫೋನ್ ಬಂದ್ ಮಾಡಿರ್ತೀರಿ. ಎಷ್ಟು ದಿನ ಆರಿದ ರೊಟ್ಟಿ ಹಾಕ್ಲಿ ನಿಮಗ?”

ಶಹಾಪುರದಿಂದ ಫೋನ್ ಬಂದರೆ ಒಲೆ ಹಚ್ಚುತ್ತಾಳೆ. ರೊಟ್ಟಿ ಬಡಿದು, ಬುಟ್ಟಿಯಲ್ಲಿ ಮುಚ್ಚಿಟ್ಟು, ಕೈ ತೊಳೆದು ನೋಟ್‌ಬುಕ್ ಹಿಡಿಯುವ ಹೊತ್ತಿಗೆ ನಾನು ಬರುತ್ತೇನೆ. ಮೂರು ವರ್ಷ ನಾನು ಮನೆಗೆ ಬಂದ ಪ್ರತಿ ಸಂಜೆ ಬಿಸಿ ರೊಟ್ಟಿ ತಿಂದಿದ್ದೇನೆ. ಬಸ್ಸು ತಡವಾದ ದಿನವೂ, ಟಯರು ಹೋದ ದಿನವೂ. ಅದು ಹೇಗೆ ಬಿಸಿಯಾಗಿರುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ರೊಟ್ಟಿ ಬಿಸಿಯಿರುವುದು ರೊಟ್ಟಿಯ ಗುಣ ಎಂದು ತಿಳಿದಿದ್ದೆ. ಬಂದದ್ದು ನಾನೋ ಗಾಳಿಯೋ ಎಂದು ಬರೆದಿದ್ದೆನಲ್ಲ, ಆ ಗಾಳಿ ಶಹಾಪುರ ಬಿಟ್ಟ ಗಳಿಗೆ ಆಕೆಗೆ ಗೊತ್ತಿರುತ್ತಿತ್ತು.

ಸೋಮವಾರ ಬಸ್ಸಿನಲ್ಲಿ ಇದಿಷ್ಟನ್ನೂ ಬರೆದೆ. ಅಕ್ಷರಗಳು ಕೆಟ್ಟದಾಗಿ ಬಂದವು. ರಸ್ತೆ ಚೆನ್ನಾಗಿಯೇ ಇತ್ತು. ಸಂಜೆ ಹಾಳೆಗಳನ್ನು ಮೇಜಿನ ಮೇಲಿಡದೆ, ನೋಟ್‌ಬುಕ್ಕಿನ ಮೇಲೂ ಇಡದೆ, ಆಕೆಯ ಕೈಗೇ ಕೊಟ್ಟೆ. “ಇದರಾಗ ನೀ ಇದ್ದಿ. ನೀ ಬ್ಯಾಡ ಅಂದ್ರ ಹರದು ಹಾಕ್ತೀನಿ” ಎಂದೆ. ಆಕೆ ಹಾಳೆಗಳನ್ನು ಎಣಿಸಿದಳು. ನನ್ನ ಮುಖ ನೋಡಿದಳು. “ಆ ಪೆನ್ನು ಕೊಡ್ರಿ” ಎಂದಳು.

ಇಪ್ಪತ್ತೆರಡು ನಿಮಿಷ ಓದಿದಳು. ನಾನು ಅಷ್ಟರಲ್ಲಿ ಮೂರು ಸಲ ನೀರು ಕುಡಿದೆ, ಒಂದು ಸಲ ಹೊರಗೆ ಹೋಗಿ ಬಂದೆ. ಒಂದು ಕಡೆ ಆಕೆಯನ್ನು ‘ಮಮತೆಯ ಮೂರ್ತಿ’ ಎಂದು ಬರೆದಿದ್ದೆ. ಅದನ್ನು ಹೊಡೆದುಹಾಕಿ ‘ಮತ್ತೊಮ್ಮೆ ಬರೆ’ ಎಂದು ಬರೆದಳು. ಅದನ್ನು ನೋಡಿ ನನಗಾದ ಸಂತೋಷವನ್ನು ಇಲ್ಲಿ ವರ್ಣಿಸಿದರೆ ಅದನ್ನೂ ಹೊಡೆದುಹಾಕುತ್ತಾಳೆ. ಕೊನೆಯ ಹಾಳೆಯ ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಅಲ್ಲಿ ಆಕೆ ಕೆಂಪು ಅಕ್ಷರದಲ್ಲಿ ಬರೆದದ್ದನ್ನು, ಆಕೆಯ ಒಪ್ಪಿಗೆ ಪಡೆದು, ಹಾಗೆಯೇ ಕೊಡುತ್ತಿದ್ದೇನೆ:

‘ಇವರು ಮನೆಗೆ ಬಂದ ಕೂಡಲೇ ಚೀಲದಿಂದ ಮರುದಿನದ ಖಾಲಿ ಬಾಟಲಿಗಳನ್ನು ತೆಗೆದು, ಒಂದೊಂದನ್ನೇ ಬೆಳಕಿಗೆ ಹಿಡಿದು, ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತಾರೆ. ಅದು ಮುಗಿಯಲು ಐದು ನಿಮಿಷ ಬೇಕು. ಅಷ್ಟು ಹೊತ್ತು ನಾನು ಇವರನ್ನೇ ನೋಡುತ್ತಿರುತ್ತೇನೆ. ಆಮೇಲೆ ನೋಟ್‌ಬುಕ್ ನೋಡುತ್ತೇನೆ. ನಾನು ತಲೆ ಎತ್ತುವುದಿಲ್ಲ ಎಂದು ಇವರಿಗೆ ಹೇಗೆ ತಿಳಿಯಿತು?’

ಇದನ್ನು ನಾನು ನಾಲ್ಕು ಸಲ ಓದಿದೆ. ಗುರುತು ಹಾಕಲು ಒಂದು ಸಾಲೂ ಸಿಗಲಿಲ್ಲ.

ಮರುದಿನ ದಾರಿಯುದ್ದಕ್ಕೂ ಏನೂ ಬರೆಯಲಿಲ್ಲ. ಸುರಪುರದಲ್ಲಿ ಇಳಿದವನು ಬೇರೆ ಯಾವ ಕಡೆಗೂ ನೋಡದೆ ನೇರವಾಗಿ ಮನೆಗೆ ನಡೆದು, ಬಾಗಿಲಲ್ಲಿ ನಿಂತು ಮೊದಲು ಆಕೆಯ ಮುಖವನ್ನೇ ನೋಡಿದೆ. ಆಕೆ ತಲೆ ಎತ್ತಿಯೇ ಕೂತಿದ್ದಳು. ನನ್ನ ಎಡಗೈ ನೋಡಿದಳು, ಬಲಗೈ ನೋಡಿದಳು.

“ಬಾಟ್ಲಿ ಚೀಲ ಎಲ್ಲದರಿ?” ಎಂದಳು.

ನಾನು ಬಂದ ಬಸ್ಸು ಸುರಪುರದಿಂದ ಮುಂದೆ ಹುಣಸಗಿಗೆ ಹೋಗುತ್ತದೆ. ಚೀಲ ಆ ಹೊತ್ತಿಗೆ ಅರ್ಧ ದಾರಿ ದಾಟಿತ್ತು.