ಮನ್ನಾ ಮಾಡುವ ಸಲುವಾಗಿ ಹೇರಿದ ಸುಂಕ

ದೇಶದಲ್ಲಿ ಇಂಧನದ ಅಭಾವ ತಲೆದೋರಿದ್ದರಿಂದ ಸರಕಾರವು ಆಮದು ಇಂಧನದ ಮೇಲಿನ ಸುಂಕವನ್ನು ಮನ್ನಾ ಮಾಡಿತು. ಪುಣೆಯ ಕೋಥರೂಡದಲ್ಲಿರುವ ಸಂತೃಪ್ತಿ ಸಹಕಾರಿ ಗೃಹ ಸೊಸಾಯಟಿಯು ಈ ಜನಪರ ನಿರ್ಧಾರವನ್ನು ಸ್ವಾಗತಿಸಿ, ತನ್ನ ಗೇಟಿನೊಳಗೆ ಬರುವ ಇಂಧನದ ಸುಂಕವನ್ನು ತಾನೂ ಮನ್ನಾ ಮಾಡತಕ್ಕದ್ದೆಂದು ಸರ್ವಾನುಮತದಿಂದ ಠರಾವು ಪಾಸು ಮಾಡಿತು.

ಠರಾವಿಗೆ ಒಂದೇ ಒಂದು ಅಡಚಣೆ ಇತ್ತು. ಸೊಸಾಯಟಿಯಲ್ಲಿ ಅಂಥ ಸುಂಕವೇ ಇರಲಿಲ್ಲ.

ಇದನ್ನು ಪತ್ತೆ ಹಚ್ಚಿದವರು ಸೆಕ್ರೆಟರಿ ಮಾರ್ತಾಂಡರಾವ್ ಗಲಗಲಿಯವರು. ಮೂಲತಃ ಧಾರವಾಡದವರು, ಬಂದರಿನ ಸುಂಕದ ಕಚೇರಿಯೊಂದರಲ್ಲಿ ಮೂವತ್ತಾರು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಹಡಗು ಬಾರದ ಊರಿಗೆ ಬಂದು ಕೂತಿದ್ದರೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಇಲ್ಲದ ಸುಂಕವನ್ನು ಮನ್ನಾ ಮಾಡುವುದು ಸದಸ್ಯರಿಗೆ ಬಗೆಯುವ ಮೋಸ ಎಂದು ಅವರು ಸಭೆಗೆ ತಿಳಿಸಿಕೊಟ್ಟರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಿ ಸಭೆಯು ಮೊದಲು ಗೇಟಿನೊಳಗೆ ಬರುವ ಸರಕಿಗೆಲ್ಲ ನೂರಕ್ಕೆ ಹತ್ತರಂತೆ ಸುಂಕ ಹೇರಿತು. ಐದು ನಿಮಿಷದ ನಂತರ ಇಂಧನದ ಮಟ್ಟಿಗೆ ಅದನ್ನು ಮನ್ನಾ ಮಾಡಿ, ಚಪ್ಪಾಳೆ ತಟ್ಟಿ ಚಹಾ ಕುಡಿಯಿತು. ಸದಸ್ಯರಿಗೆ ಇಷ್ಟು ದೊಡ್ಡ ರಿಯಾಯಿತಿ ಸಿಕ್ಕಿದ್ದು ಅದೇ ಮೊದಲು.

ಮರುದಿನ ನೋಟೀಸು ಬೋರ್ಡಿನಲ್ಲಿ ಈ ಪ್ರಕಟಣೆ ಕಾಣಿಸಿಕೊಂಡಿತು:

"ಮನ್ನಾ ಸೌಲಭ್ಯವು ಆಮದು ಇಂಧನಕ್ಕೆ ಮಾತ್ರ. ಸದಸ್ಯರು ಇಂಧನದ ಮೂಲದೇಶವನ್ನು ನಮೂದಿಸಿ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿ ಮಂಜೂರಾಗುವವರೆಗೆ ಸಿಲಿಂಡರು ಗೇಟಿನ ಹೊರಗೇ ಇರತಕ್ಕದ್ದು. ಸದಸ್ಯರ ಅನುಕೂಲವೇ ನಮ್ಮ ಗುರಿ."

ಮೊದಲು ಬಂದದ್ದು ಪಾರವ್ವನ ಸಿಲಿಂಡರು. ಪಾರವ್ವ ಗೋಕಾಕ ಕಡೆಯವಳು, ಎರಡನೇ ಮಹಡಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರಿ ಬದುಕುವ ಒಂಟಿ ಹೆಂಗಸು. ಇಪ್ಪತ್ತೆರಡು ದಿನ ಕಾದ ಮೇಲೆ ಸಿಕ್ಕಿದ ಸಿಲಿಂಡರು ಅದು. ಮರುದಿನ ಮಧ್ಯಾಹ್ನದೊಳಗೆ ದೇಹೂ ರೋಡಿನ ಒಂದು ಮನೆಗೆ, ಅಲ್ಲಿಯ ಬಸುರಿ ಸೊಸೆಯ ಕುಬಸಕ್ಕೆ, ಮುನ್ನೂರು ರೊಟ್ಟಿ ಕೊಡುವುದಾಗಿ ಒಪ್ಪಿಕೊಂಡಿದ್ದಳು. ಬಸುರಿಯ ಬಯಕೆಯ ಊಟ ತಪ್ಪಿಸಿದವಳು ಎಂಬ ಹೆಸರು ಬಂದರೆ ಪುಣೆಯ ಕನ್ನಡದವರ ಮನೆಗಳಲ್ಲಿ ಮತ್ತೆ ಯಾರೂ ಅವಳಿಗೆ ರೊಟ್ಟಿ ಹೇಳುವುದಿಲ್ಲ. ಒಲೆಯೋ ಮುಂಜಾನೆಯೇ ಆರಿತ್ತು.

ಮೂಲದೇಶ ಯಾವುದೆಂದು ಸಿಲಿಂಡರು ತಂದವನನ್ನು ಕೇಳಿದರೆ ಅವನು "ಗೋದಾಮಾತೂನ್" ಎಂದು ಮರಾಠಿಯಲ್ಲಿ ಹೇಳಿ ಹೊರಟುಹೋದ. ಗೋದಾಮಿನಿಂದ ಬಂದದ್ದು ಎಂದು ಪಾರವ್ವ ಹಾಗೇ ಬರೆದಳು. ಮಾರ್ತಾಂಡರಾಯರು ಮೂರೂ ಪ್ರತಿಗಳನ್ನು ಓದಿದರು. ಗೋದಾಮು ಎಂಬ ದೇಶ ತಮ್ಮ ಸೇವಾವಧಿಯಲ್ಲಿ ಇರಲಿಲ್ಲ, ಇತ್ತೀಚೆಗೆ ಸ್ವಾತಂತ್ರ್ಯ ಪಡೆದಿರಬಹುದು, ವಿಚಾರಿಸಲು ಏಳು ದಿನ ಬೇಕು ಎಂದರು. ಪಾರವ್ವನಿಗೆ ಸಿಟ್ಟು ನೆತ್ತಿಗೇರಿತು. ಆದರೂ ತಡೆದುಕೊಂಡು, ಸುಂಕ ಎಷ್ಟಾಗುತ್ತದೋ ಕೊಡುತ್ತೇನೆ, ಒಳಗೆ ಬಿಡಿ ಎಂದಳು.

"ಮನ್ನಾ ಆದ ಸುಂಕ ತಗೊಳ್ಳಿಕ್ಕೆ ಬರಂಗಿಲ್ಲರಿ ಪಾರವ್ವನವರ," ಎಂದರು ರಾಯರು, ನಿಜವಾದ ಮರುಕದಿಂದ. "ತಗೊಂಡ್ರ ನಾನು ಭ್ರಷ್ಟ ಆಗ್ತೀನಿ."

"ಹಂಗಾರ ಕೊಡದ ಒಯ್ಯಲೇನ್ರಿ?"

"ಕೊಡದ ಒಯ್ದ್ರ ಕಳ್ಳಸಾಗಣಿ ಆಗ್ತದರಿ."

ಪಾರವ್ವ ಸಿಲಿಂಡರನ್ನು ಅಲ್ಲೇ ಬಿಟ್ಟು ಮೇಲೆ ಹೋದಳು. ಒಲೆ, ಹಂಚು, ಹಿಟ್ಟಿನ ಡಬ್ಬಿ, ರೊಟ್ಟಿ ಬಡಿಯುವ ಮಣೆ ಎಲ್ಲವನ್ನೂ ಇಳಿಸಿ ತಂದು ಗೇಟಿನ ಹೊರಗೆ ಫುಟ್‌ಪಾತಿನ ಮೇಲೆ ಹೂಡಿದಳು. ಇಂಧನ ಗೇಟು ದಾಟಿರಲಿಲ್ಲ. ಹೊರಗೆ ಹೋದ ಒಲೆ ರಫ್ತಿನ ಲೆಕ್ಕಕ್ಕೆ ಬರುವುದರಿಂದ ಅದಕ್ಕೆ ಸುಂಕವೂ ಇರಲಿಲ್ಲ. ರಾಯರು ಎಲ್ಲ ಕ್ರಮಬದ್ಧವಾಗಿದೆಯೆಂದು ಷರಾ ಬರೆದರು. ಅಂದು ಸಂಜೆಯವರೆಗೂ ಮರುದಿನ ಮುಂಜಾನೆಯೂ ಬಡಿದ ಮುನ್ನೂರು ರೊಟ್ಟಿಗಳು ರಿಕ್ಷಾದಲ್ಲಿ ನೇರ ದೇಹೂ ರೋಡಿಗೆ ಹೋದವು. ಅವು ಗೇಟನ್ನು ಮುಟ್ಟದೇ ಹೋದದ್ದರಿಂದ ರಾಯರಿಗೆ ತುಸು ಬೇಸರವಾಯಿತು.

ಲೆಕ್ಕಕ್ಕಿಂತ ಹೆಚ್ಚಾಗಿ ಬಡಿದ ಹತ್ತು ರೊಟ್ಟಿ ಕಟ್ಟಿಕೊಂಡು ಪಾರವ್ವ ಮನೆಗೆ ಹೊರಟಾಗ ಗೇಟಿನ ಕಾವಲುಗಾರ ಸಂಕಪ್ಪ ಅಡ್ಡ ಬಂದ. ಹೊರಗೆ ತಯಾರಾದ ರೊಟ್ಟಿ ಆಮದು ಸರಕು, ಮನ್ನಾ ಆದದ್ದು ಇಂಧನಕ್ಕೇ ಹೊರತು ರೊಟ್ಟಿಗಲ್ಲ. ನಿಯಮದಂತೆ ಒಂದು ರೊಟ್ಟಿ ಮುರಿದುಕೊಂಡು, ಉಪ್ಪು ಹದವಾಗಿದೆಯೆಂದು ಪ್ರಮಾಣೀಕರಿಸಿ ಬಿಟ್ಟ. ಅಂದಿನಿಂದ ಪಾರವ್ವ ತನ್ನ ಊಟವನ್ನು ಹೊರಗೇ ಮುಗಿಸತೊಡಗಿದಳು.

ಒಂದೇ ತಿಂಗಳಲ್ಲಿ ಮೂವತ್ತೆಂಟು ಕುಟುಂಬಗಳ ಸಿಲಿಂಡರುಗಳು ಗೋದಾಮು ದೇಶದ ವಿಚಾರಣೆಗಾಗಿ ಗೇಟಿನಲ್ಲಿ ನಿಂತವು. ರಾಯರು ಸ್ವಂತ ಮನೆಯ ಅರ್ಜಿಯನ್ನೂ ಪಕ್ಷಪಾತವಿಲ್ಲದೆ ತಡೆಹಿಡಿದರು. ಅವರ ಹೆಂಡತಿ ಗೋದಾಬಾಯಿ ಗಂಡನ ನಿಷ್ಪಕ್ಷಪಾತವನ್ನು ಎರಡು ದಿನ ಉಪವಾಸದಿಂದ ಆಚರಿಸಿ, ಮೂರನೇ ದಿನ ತಾವೂ ಒಲೆ ಹೊತ್ತು ಪಾರವ್ವನ ಪಕ್ಕಕ್ಕೆ ಬಂದು ಕೂತರು. ಎಲ್ಲರ ಅಡುಗೆಯೂ ಫುಟ್‌ಪಾತಿಗೆ ಬಂತು. ಸೊಸಾಯಟಿಯ ಒಳಗೆ ಇನ್ನು ಒಂದು ತೊಟ್ಟು ಇಂಧನವೂ ಬೇಕಾಗುವುದಿಲ್ಲವಾದ್ದರಿಂದ ಇಂಧನದ ಅಭಾವ ಸಂಪೂರ್ಣ ನಿವಾರಣೆಯಾಗಿದೆ ಎಂದು ವರದಿ ಹೊರಟಿತು. ಅಧ್ಯಯನಕ್ಕೆಂದು ಲೋಣಾವಳಾದಿಂದ ಒಂದು ನಿಯೋಗವೂ ಬಂದು, ಚಿಕ್ಕಿಯ ಪೊಟ್ಟಣಕ್ಕೆ ಸುಂಕ ಕಟ್ಟಿ, ಮೆಚ್ಚಿಕೊಂಡು ಹೋಯಿತು.

ಆಗ ರಾಯರಿಗೆ ಒಂದು ಗಂಭೀರ ಲೋಪ ಹೊಳೆಯಿತು. ಹೊರಗೆ ಉಂಡವರು ಒಳಗೆ ಬರುತ್ತಿದ್ದರು. ಅಂದರೆ ದಿನಕ್ಕೆ ಎರಡು ಸಲ ನೂರೈವತ್ತು ಹೊಟ್ಟೆಗಳಲ್ಲಿ ಆಮದು ಅನ್ನ ಲೆಕ್ಕಕ್ಕೆ ಸಿಗದೆ ಒಳಬರುತ್ತಿತ್ತು. ತುರ್ತು ಸಭೆ ಸೇರಿ ಹೊಟ್ಟೆಯಲ್ಲಿರುವ ಆಹಾರದ ಮೇಲೆ ಸುಂಕ ಹೇರಿತು. ಮಾನವೀಯ ದೃಷ್ಟಿಯಿಂದ ಅದೇ ಸಭೆಯಲ್ಲಿ ಮನ್ನಾ ಮಾಡಿತು. ಉಂಡದ್ದನ್ನು ಗೇಟಿನಲ್ಲಿ ಘೋಷಿಸಿದರೆ ಸಾಕು, ಮೂರು ಪ್ರತಿ ಬೇಡ ಎಂಬ ಉದಾರತೆಗೆ ಸದಸ್ಯರು ವಂದನೆ ಸಲ್ಲಿಸಿದರು.

ಅಂದು ಸಂಜೆ ಕೈ ತೊಳೆದುಕೊಂಡು ಎಲ್ಲರೂ ಸಾಲಿನಲ್ಲಿ ನಿಂತರು. ಮೊದಲ ಮಹಡಿಯ ಮಧ್ವೇಶ ಎರಡನೇ ಸಲ ಹಾಕಿಸಿಕೊಂಡ ಅನ್ನವನ್ನು ಮುಚ್ಚಿಟ್ಟು, ತೇಗು ಬಂದು ಸಿಕ್ಕಿಬಿದ್ದ. ಆಮೇಲೆ ಪಾರವ್ವನ ಸರದಿ. ಏನೋ ರಂಪ ಆದೀತೆಂದು ಹಿಂದಿನವರು ಕುತ್ತಿಗೆ ಚಾಚಿದರು. ರಾಯರು ಪೆನ್ನು ಹಿಡಿದು ಕೇಳಿದರು:

"ಊಟಕ್ಕ ಏನೇನಾತ್ರಿ ಪಾರವ್ವನವರ?"

ಪಾರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಎರಡ ರೊಟ್ಟಿ, ಬದನಿಕಾಯಿ ಎಣಗಾಯಿ. ಬರಕೋರಿ. ಹದಿನಾಕ ವರ್ಷಾತ್ರಿ ಈ ಊರಾಗ ಮಂದಿಗೆಲ್ಲ ರೊಟ್ಟಿ ಬಡಿಯಾಕ ಹತ್ತಿ. ನೀ ಏನ ಉಂಡೀಬೇ ಅಂತ ಒಬ್ರೂ ಕೇಳಿರಲಿಲ್ಲ."

ಇನ್ನು ಮುಂದೆ ದಿನಕ್ಕೆ ಎರಡು ಸಲ ತಪ್ಪದೆ ಕೇಳಲಾಗುವುದು ಎಂದು ರಾಯರು ಭರವಸೆ ಕೊಟ್ಟು, ಮುಂದಿನವರನ್ನು ಕರೆದರು.