ಮರವಿಲ್ಲದ ನಾಡು

ತಂಟೆಗೆಲ್ಲ ಮೂಲ ಒಂದು ಬಾಗಿಲು. ಅದೂ ನಿಜವಾದ ಬಾಗಿಲಲ್ಲ, ಕಾದಂಬರಿಯೊಳಗಿನ ಬಾಗಿಲು.

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಪ್ರಕಾಶಕರ ಫೋನ್ ಬಂತು. “ನಿಮ್ಮ ಕಾದಂಬರಿ ಓದಿ ವಾಪಸ್ ಕಳಿಸಿದ್ದೆನಲ್ಲ, ಒಂದು ಮಾತು ಕೇಳೋದಿತ್ತು. ನಿಮ್ಮ ನಾಡಿನಲ್ಲಿ ಒಂದೇ ಒಂದು ಮರ ಇಲ್ಲ, ಸರಿ. ಹಾಗಿದ್ರೆ ಮೂರನೇ ಅಧ್ಯಾಯದಲ್ಲಿ ನಾಯಕ ಬಾಗಿಲು ತಟ್ತಾನಲ್ಲ, ಆ ಬಾಗಿಲು ಯಾವ ಮರದ್ದು?”

ಬಾಯಲ್ಲಿ ನೊರೆಯಿದ್ದುದರಿಂದ ಅವನು “ಊಂ” ಎಂದ. ನೊರೆ ಇಲ್ಲದಿದ್ದರೂ ಅಷ್ಟೇ ಅನ್ನುತ್ತಿದ್ದ.

“ನಂಬೋ ಹಾಗಿಲ್ಲ ಕಣ್ರೀ. ಸಂಜೆ ನಿಮ್ಮ ಮನೆ ಕಡೆ ಬರ್ತಾ ಇದ್ದೀನಿ. ಸರಿ ಮಾಡಿಟ್ಟಿರಿ, ಕೂತು ಕೇಳ್ತೀನಿ. ನಂಬಿಕೆ ಬಂದ್ರೆ ಅಚ್ಚು. ಬರಲಿಲ್ಲ ಅಂದ್ರೆ ಮತ್ತೆ ನನ್ನ ತಲೆ ತಿನ್ನಬೇಡಿ.”

ಕನ್ನಡಕದ ಅಂಗಡಿಯಲ್ಲಿ ಬಂದವರ ಕಣ್ಣ ಮುಂದೆ ಗಾಜು ಬದಲಿಸುತ್ತ “ಈಗ ಕಾಣ್ತಿದೆಯಾ? ಈಗ?” ಎಂದು ಕೇಳುವುದು ಅವನ ಉದ್ಯೋಗ. ಹಾಗಾಗಿ ಇಡೀ ಕಟ್ಟಡಕ್ಕೆ ಅವನು ‘ಕನ್ನಡಕ’. ಮನೆಗೆ ಬಂದ ಮೇಲೆ ಮಾತ್ರ ಯಾರಿಗೂ ಕಾಣದ ನಾಡೊಂದನ್ನು ವರ್ಷಗಟ್ಟಲೆ ಕಟ್ಟುತ್ತ ಕೂತಿದ್ದ. ತನ್ನ ಹೆಸರಿರುವ ಪುಸ್ತಕವನ್ನು ಒಮ್ಮೆ ಕೈಯಲ್ಲಿ ಹಿಡಿದು ಮೂಸಬೇಕು ಎಂಬುದೊಂದೇ ಅವನ ಆಸೆ. ಉಳಿದ ಪ್ರಕಾಶಕರೆಲ್ಲ ಆಗಲೇ ಕೈಮುಗಿದಿದ್ದರು. ಇವರೇ ಕೊನೆಯವರು.

ಬಾಗಿಲು ತೆಗೆದು ಪರದೆ ಹಾಕೋಣವೆಂದರೆ ಪರದೆಗೆ ಕೋಲು ಬೇಕು. ಕೋಲು ಬೇಡವೆಂದರೆ ಮೊಳೆ ಬೇಕು. ಮೊಳೆಗೆ ಕಬ್ಬಿಣ ಕಾಯಿಸಬೇಕು, ಕಾಯಿಸಲು ಸೌದೆ ಬೇಕು. ಅವನು ತಲೆ ಕೆರೆದುಕೊಂಡ. ಆಸ್ಪತ್ರೆಯ ಡ್ಯೂಟಿಗೆ ಹೊರಟಿದ್ದ ಹೆಂಡತಿ ಊಟದ ಡಬ್ಬಿ ಚೀಲಕ್ಕೆ ತುರುಕುತ್ತ ಹೇಳಿದಳು: “ಒಂದು ದಿನ ಮರದ ಸಾಮಾನು ಇಲ್ಲದೆ ಬದುಕಿ ನೋಡಿ. ಆಗ ಗೊತ್ತಾಗುತ್ತೆ.”

ಅವಳು ಹೇಳಿದ್ದು ವ್ಯಂಗ್ಯಕ್ಕೆ. ಅವನಿಗೆ ಕೇಳಿಸಿದ್ದು ಜ್ಞಾನೋದಯ.

ಅವಳು ಮೆಟ್ಟಿಲಿಳಿದು ಮರೆಯಾಗುವುದೇ ತಡ, ಅಂಗಡಿಗೆ ರಜೆ ಹೇಳಿ, ಕುರ್ಚಿ ಎರಡನ್ನೂ ಕಾರಿಡಾರಿಗೆ ಸಾಗಿಸಿದ. ಹಿಂದೆಯೇ ಮೇಜು, ಸ್ಟೂಲು, ಲಟ್ಟಣಿಗೆ, ಬಾಚಣಿಗೆ. ಮಂಚ ಬಿಚ್ಚುವಾಗ ಸೊಂಟ ಹಿಡಿದುಕೊಂಡರೂ ಬಿಡಲಿಲ್ಲ. ಕಡೆಗೆ ಕಾಗದವೂ ಮರದಿಂದಲೇ ಆಗುವುದು ನೆನಪಾಗಿ, ಪ್ರಾಮಾಣಿಕತೆ ಮೈಮೇಲೆ ಬಂದಂತಾಗಿ, ಹಸ್ತಪ್ರತಿಯ ಕಟ್ಟನ್ನೂ ಒಯ್ದು ಮೇಜಿನ ಮೇಲಿಟ್ಟ. ಬರಿದಾದ ಹಾಲಿನ ನಡುವೆ ಚಕ್ಕಳಮಕ್ಕಳ ಹಾಕಿ ಕೂತ. ಮೊದಲ ಸಲ ತನ್ನ ನಾಡಿನ ಗಾಳಿ ಕುಡಿದಂತಾಯಿತು.

“ಏನ್ರೀ ಕನ್ನಡಕ, ಮನೆ ಖಾಲಿ ಮಾಡ್ತಿದ್ದೀರಾ?” ಎದುರುಮನೆಯ ಟೈಲರಕ್ಕ ಇಣುಕಿದಳು.

“ಇಲ್ಲಕ್ಕ. ನಮ್ಮ ನಾಡಲ್ಲಿ ಮರ ಇಲ್ಲ.”

“ಯಾವ ನಾಡು?”

“ಇನ್ನೂ ಕಟ್ತಾ ಇದ್ದೀನಿ.”

ಟೈಲರಕ್ಕ ಅವನನ್ನೊಮ್ಮೆ, ಮೇಜನ್ನೊಮ್ಮೆ ನೋಡಿದಳು. ಮನಸ್ಸು ಮೇಜಿನ ಮೇಲೇ ನಿಂತಿತು. “ಹಾಗಾದ್ರೆ ಇದೆಲ್ಲ ನಿಮಗೆ ಬೇಡ್ವಾ?”

ಅವನು ಆಗಲೇ ಕಣ್ಣು ಮುಚ್ಚಿದ್ದ. “ಬೇಡಕ್ಕ, ಏನೂ ಬೇಡ.”

ಸುದ್ದಿಗೆ ಮೆಟ್ಟಿಲು ಹತ್ತುವ ಶ್ರಮವಿಲ್ಲ. ಗದ್ದಲಕ್ಕೆ ಅವನು ಕಣ್ಣು ಬಿಟ್ಟಾಗ ಕಾರಿಡಾರಿನಲ್ಲಿ ಅರ್ಧ ಕಟ್ಟಡ ನೆರೆದಿತ್ತು. ಕೆಲಸ ಹೋಗಿದೆಯಂತೆ ಎಂದರು ಒಬ್ಬರು, ಸನ್ಯಾಸವಂತೆ ಎಂದರು ಇನ್ನೊಬ್ಬರು. ಹೀಗೆ ಮರುಗುತ್ತಲೇ ಒಬ್ಬರು ಕುರ್ಚಿ ಎತ್ತಿಕೊಂಡರು, ಇನ್ನೊಬ್ಬರು ಮಂಚದ ಕಾಲು ಹಿಡಿದುಕೊಂಡರು. ಕೆಳಮನೆಯ ನಿವೃತ್ತ ಬಸ್ ಡ್ರೈವರನ್ನು ಎಲ್ಲರೂ ಡ್ರೈವರ್ ಮಾವ ಎನ್ನುತ್ತಿದ್ದರು. ಅವರೂ ಟೈಲರಕ್ಕನೂ ಒಂದೇ ಸ್ಟೂಲನ್ನು ಎರಡು ಕಡೆಯಿಂದ ಹಿಡಿದು ನಿಂತಿದ್ದರು.

“ಮೊದಲು ನೋಡಿದ್ದು ನಾನು!”

“ನನ್ನ ಮಂಡಿ ನೋಡಮ್ಮ ತಾಯಿ. ವಯಸ್ಸಿಗೆ ಬೆಲೆ ಬೇಡ್ವಾ?”

“ನೀವು ಮನೇಲಿ ಕೂರೋಕೆ ಕೇಳ್ತಿದ್ದೀರಿ, ನಾನು ದುಡಿಯೋಕೆ ಕೇಳ್ತಿದ್ದೀನಿ!”

ಕೊನೆಗೆ ಹಗಲೆಲ್ಲ ಟೈಲರಕ್ಕನಿಗೆ, ದೀಪ ಹಚ್ಚಿದ ಮೇಲೆ ಡ್ರೈವರ್ ಮಾವನಿಗೆ ಎಂದಾಯಿತು. ಆದರೂ ಮಾವನಿಗೆ ಸಮಾಧಾನವಿಲ್ಲ. ಸ್ಟೂಲನ್ನು ತಿರುಗಿಸಿ, ತಳ ಸವರಿ, ಮೂಗಿನ ಹತ್ತಿರ ಹಿಡಿದು, “ಹಳೇ ಮರ ಕಣಮ್ಮ, ಹುಷಾರು, ಬಿಸಿ ಇಸ್ತ್ರಿಪೆಟ್ಟಿಗೆ ಇಡಬೇಡ,” ಎಂದು ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಒಪ್ಪಿಸಿದರು.

ಕನ್ನಡಕ ತನ್ನ ಸಾಮಾನು ಹೋಗುತ್ತಿರುವುದನ್ನೇ ಮರೆತು ನೋಡುತ್ತಿದ್ದ. ತಾನು ಬರೆದದ್ದೆಲ್ಲ ಸುಳ್ಳು ಎಂದು ಆಗ ಹೊಳೆಯಿತು. ಅವನ ನಾಡಿನ ಜನ ಮರವಿಲ್ಲವೆಂದು ನಗುನಗುತ್ತ ಕಲ್ಲಿನ ಮೇಲೆ ಕೂರುತ್ತಿದ್ದರು. ಎಲ್ಲರೂ ಸಾಧುಗಳು. ಇಲ್ಲಿ ನೋಡಿದರೆ, ಒಂದು ಸ್ಟೂಲು ಕಡಿಮೆ ಬಿದ್ದದ್ದೇ ತಡ ಹಿರಿತನ ಬಂತು, ಸರದಿ ಬಂತು, ನ್ಯಾಯ ಬಂತು, ಅನುಮಾನವೂ ಬಂತು. ಜೊತೆಗೆ, ಇಷ್ಟು ದಿನ ಯಾರೂ ಮಾಡದಿದ್ದ ಒಂದು ಕೆಲಸವನ್ನು ಮಾವ ಮಾಡಿದರು: ಆ ಸ್ಟೂಲನ್ನು ಪ್ರೀತಿಯಿಂದ ಮುಟ್ಟಿದರು. ಬಡ ನಾಡಿನ ಗುರುತು ಅಲ್ಲಿ ಏನಿಲ್ಲ ಎಂಬುದರಲ್ಲಿಲ್ಲ, ಇರುವುದನ್ನು ಜನ ಹಿಡಿದುಕೊಳ್ಳುವ ರೀತಿಯಲ್ಲಿದೆ. ಇದನ್ನು ಬರೆಯಲೇಬೇಕು!

ಅದನ್ನೆಲ್ಲ ಮನಸ್ಸಿನಲ್ಲೇ ಜೋಡಿಸುತ್ತ ಕೂತವನಿಗೆ ಸಂಜೆಯಾದದ್ದೇ ತಿಳಿಯಲಿಲ್ಲ. ಕಡೆಗೆ ಕಾರಿಡಾರಿಗೆ ಬಂದು ಹಸ್ತಪ್ರತಿಗೆ ಕೈ ಚಾಚಿದ. ಅಲ್ಲಿ ಮೇಜೇ ಇರಲಿಲ್ಲ.

ಟೈಲರಕ್ಕನ ಮನೆಗೆ ಓಡಿದ. ಮೇಜು ಕಿಟಕಿಯ ಪಕ್ಕದಲ್ಲಿ ರಾಜಠೀವಿಯಿಂದ ನಿಂತಿತ್ತು. ಅದರ ಮೇಲೆ ಹಾಳೆಗಳ ರಾಶಿ, ರಾಶಿಯ ನಡುವೆ ಟೈಲರಕ್ಕನ ದೊಡ್ಡ ಕತ್ತರಿ.

“ಒಳ್ಳೇ ದಪ್ಪ ಕಾಗದ ಕೊಟ್ರಿ ನೋಡಿ,” ಎಂದಳು ಸಂಭ್ರಮದಿಂದ. “ಬಟ್ಟೆ ಕತ್ತರಿಸೋ ಮುಂಚೆ ಅಳತೆಗೆ ಕಾಗದ ಕತ್ತರಿಸ್ಕೋತೀವಲ್ಲ, ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಶಾಲೆ ಯೂನಿಫಾರಂ ಪೂರ್ತಿ ಮುಗಿಸಿದೆ.”

ಮೊದಲ ಅಧ್ಯಾಯ ಕಾಲರುಗಳಾಗಿತ್ತು. ಯುದ್ಧದ ಪ್ರಸಂಗವೆಲ್ಲ ತೋಳು. ನಾಯಕನೂ ನಾಯಕಿಯೂ ಬೇರೆಬೇರೆ ಜೇಬುಗಳಿಗೆ ಹಂಚಿಹೋಗಿದ್ದರು. ಇದ್ದದ್ದು ಅದೊಂದೇ ಪ್ರತಿ. ಅವನು ಅಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಡ್ರೈವರ್ ಮಾವ ಕೂಗಿದರು: “ಕನ್ನಡಕಾ! ಯಾರೋ ಪುಸ್ತಕದೋರು ಬಂದಿದ್ದಾರೆ ನೋಡಪ್ಪ!”

ಪ್ರಕಾಶಕರು ಕೂರಲು ಕುರ್ಚಿ ಹುಡುಕಿದರು, ಸಿಗಲಿಲ್ಲ. ಉಸ್ಸೆಂದು ನೆಲದ ಮೇಲೆ ಕೂತರು. “ಎಲ್ಲಿ, ಓದಿ.”

“ಓದೋದಿಲ್ಲ ಸಾರ್, ಹೇಳ್ತೀನಿ,” ಎಂದ ಕನ್ನಡಕ. ಬೇರೆ ದಾರಿಯೂ ಇರಲಿಲ್ಲ.

ಹೇಳತೊಡಗಿದ. ಮೊದಮೊದಲು ತೊದಲಿದ, ಬರಬರುತ್ತ ನಾಡು ತಾನೇ ಬಾಯಿ ಬಿಟ್ಟಿತು. ಮರವಿಲ್ಲದ, ಮನೆಗಳಿಗೆ ಬಾಗಿಲೂ ಇಲ್ಲದ ಆ ನಾಡಿಗೆ ಎಂದೋ ಹೊಳೆಯಲ್ಲಿ ತೇಲಿಬಂದ ಒಂದು ಹಲಗೆ. ಅದರ ಮೇಲೆ ಕೂರಲು ಮನೆಮನೆಗೂ ಸರದಿ. ಮುಪ್ಪಾದವರು ಕೊನೆಗಾಲದಲ್ಲಿ ಒಮ್ಮೆ ಅದನ್ನು ಮೂಸಿ ಕಣ್ಣು ಮುಚ್ಚುತ್ತಾರೆ. ಹೊರನಾಡಿನಿಂದ ಅಪರೂಪಕ್ಕೆ ಬರುವ ಕಾಗದವೆಂದರೆ ಅಲ್ಲಿ ಜೀವ. ಹಾಳೆ ಬೇಕಾದವನು ಊರವರ ಮುಂದೆ ನಿಂತು ಏನು ಬರೆಯುತ್ತೇನೆಂದು ಮೊದಲು ಹೇಳಬೇಕು. ಯಾವ ಜ್ವರಕ್ಕೆ ಯಾವ ಸೊಪ್ಪು ಎಂದರೆ ಕೊಡುತ್ತಾರೆ. ಕತೆ ಎಂದರೆ ಕೊಡುವುದಿಲ್ಲ. ಕತೆಗೆ ಬಾಯಿ ಸಾಕು, ನೆನಪಿಡುವ ಒಂದು ಮಗು ಸಾಕು ಎನ್ನುತ್ತಾರೆ. ಅದಕ್ಕೇ ಅಲ್ಲಿಯ ಕತೆಗಳಲ್ಲಿ ಒಂದು ಮಾತೂ ದಂಡವಲ್ಲ.

ನಿಲ್ಲಿಸಿದಾಗ ಬಾಗಿಲಲ್ಲಿ ನೆರೆದಿದ್ದವರ ನಡುವೆ ಟೈಲರಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. ಪ್ರಕಾಶಕರು ಅವನ ಎರಡೂ ಕೈ ಹಿಡಿದರು.

“ನಂಬಿದೆ ಕಣ್ರೀ. ಇಂಥ ನಾಡು ಇದೆ ಅಂತ ಪೂರ್ತಿ ನಂಬಿದೆ. ಇಷ್ಟು ವರ್ಷದಲ್ಲಿ ಇಂಥ ಕತೆ ಕೇಳಿಲ್ಲ.”

“ಹಾಗಾದ್ರೆ ಅಚ್ಚು ಹಾಕ್ತೀರಾ ಸಾರ್?”

“ಅಚ್ಚಾ?” ಪ್ರಕಾಶಕರು ಬೆಚ್ಚಿ ಕೈ ಬಿಟ್ಟರು. “ಇಷ್ಟೆಲ್ಲ ಹೇಳಿ ನೀವೇ ಹೀಗಂದ್ರೆ ಹೇಗೆ? ನನ್ನ ಗೋಡೌನಿನಲ್ಲಿ ಯಾರೂ ಓದದ ಕಾದಂಬರಿಗಳ ರಾಶಿ ಸೂರು ಮುಟ್ಟಿದೆ. ಎಷ್ಟು ಮರ ನುಂಗಿದೆನೋ ಪಾಪಿ ನಾನು! ಸಾಕು. ಇನ್ನು ಮೇಲೆ ವೈದ್ಯದ ಪುಸ್ತಕ, ಶಾಲೆ ಪುಸ್ತಕ, ಅಷ್ಟೇ. ಕತೆಗೆ ಒಂದು ಹಾಳೆಯನ್ನೂ ಕೊಡೋದಿಲ್ಲ.”

“ಸಾರ್, ಸಾರ್! ಅದು ಬರೀ ಕಲ್ಪನೆ! ಅಂಥ ನಾಡೇ ಇಲ್ಲ!”

“ಅದನ್ನ ಮಾತ್ರ ನಾನು ನಂಬೋದಿಲ್ಲ,” ಎಂದು ಪ್ರಕಾಶಕರು ಅವನ ಬೆನ್ನು ತಟ್ಟಿ ಎದ್ದರು.

ಅವರು ಇಳಿದು ಹೋಗುವಾಗ ಮೆಟ್ಟಿಲ ಮೇಲೆ ಕನ್ನಡಕನ ಹೆಂಡತಿ ಎದುರಾದಳು. ದಣಿದು ಬಂದವಳು ಖಾಲಿ ಹಾಲಿನಲ್ಲಿ ಸುತ್ತ ನೋಡಿದಳು. ಮಂಚವಿಲ್ಲ, ಕುರ್ಚಿಯಿಲ್ಲ. ಮೂಲೆಯಲ್ಲಿ ಗಂಡನಿದ್ದ.

“ಹೋದ್ರಲ್ಲ, ಅವರೇ ತಾನೆ ಪ್ರಕಾಶಕರು? ಕಣ್ಣೆಲ್ಲ ಒದ್ದೆಯಾಗಿತ್ತು. ಒಪ್ಪಿದ್ರಾ?”

“ಒಪ್ಪಿದ್ರು ಕಣೇ,” ಎಂದ ಅವನು, “ಪ್ರತಿಯೊಂದು ಮಾತನ್ನೂ.”